ಆಫ್ರಿಕಾದ ಅರಣ್ಯಗಳಲ್ಲಿ ಸ್ತ್ರೀಯಾತ್ರಿಕರು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಈ ಮಾತನ್ನಾಡಿದವರ ಮನಸ್ಸಿನಲ್ಲಿದ್ದವರು ಪುರುಷರೇ ಹೊರತು ಸ್ತ್ರೀಯರಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದುದು ಗಂಡುಮಕ್ಕಳಿಗೆ. ದೇಶವೆಂದರೆ ಕಾಶಿಯಿಂದ ರಾಮೇಶ್ವರದವರೆಗೆ. ಅಲ್ಲಿಗೆ ಗೃಹಿಣಿಯು ಹೋದುದುಂಟು, ಆದರೆ ಕೈಯಲ್ಲೊಂದು ಕೂಸು, ಕಂಕುಳಲ್ಲಿ ಅಡುಗೆಯ ಪಾತ್ರೆಗಳ ಗಂಟು, ಮನಸ್ಸಿನಲ್ಲಿ ಮುಂದಿನ ಛತ್ರದ ಒಲೆಯ ಚಿಂತೆ, ಇವಿಷ್ಟನ್ನೂ ಹೊತ್ತುಕೊಂಡು ಹೋದಳು. ಅವಳು ಮಾಡಿದುದು ಯಾತ್ರೆಯೋ ಸ್ಥಳಾಂತರಿಸಿದ ಗೃಹಕೃತ್ಯವೋ ಎಂಬುದು ವಿಚಾರಣೀಯವಾದ ವಿಷಯ.

ಕಾಲವು ಈಗ ಬೇರೆಯಾಗಿದೆ. ಆರೆಂಟು ಮಂದಿ ಸ್ತ್ರೀಯರು ಸೇರಿ ಒಂದು ಸಣ್ಣ ಗುಂಪನ್ನು ಕಟ್ಟಿಕೊಂಡು, ಪುರುಷಸಹಾಯವನ್ನು ಅಪೇಕ್ಷಿಸದೆ, ಆಫ್ರಿಕಾ ಖಂಡದ ಅರಣ್ಯಗಳನ್ನೂ ಬಯಲುಗಳನ್ನೂ ನೋಡಲು ಹೊರಡುವುದು ಲೋಕದ ಅನೇಕ ದೇಶಗಳಲ್ಲಿ ವಾಡಿಕೆಗೆ ಬಂದಿದೆ. ನಮ್ಮ ನಾಡಿನಿಂದಲೂ ಹೀಗೆ ಹೊರಡುವವರಿದ್ದಾರೆ. ಇಂಥ ಪ್ರಸ್ತಾಪವು ಮನೆಯಲ್ಲಿ ಬಂದಾಗ ಮೂರು ಪ್ರಶ್ನೆಗಳು ಏಳುವುದು ಸಹಜ. ಇದು ಹೆಂಗಸರಿಗೆ ಹೊಸದಾದ ಹುಚ್ಚಲ್ಲವೆ? ಅಲ್ಲಿ ಅಪಾಯವಿಲ್ಲವೆ? ಹೋಗಿ ಬಂದುದರಿಂದ ಆಗುವ ಪ್ರಯೋಜನವೇನು? ಈ ಮೂರನ್ನೂ ಕ್ರಮವಾಗಿ ವಿಚಾರಮಾಡಬೇಕೆಂಬುದು ನಮ್ಮ ಸಂಕಲ್ಪ.

ಮೊದಲು ಶಬ್ದದ ವಿಚಾರ. ಸಫಾರಿ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು. ಅದಕ್ಕೆ ಪ್ರಯಾಣವೆಂದಷ್ಟೇ ಅರ್ಥ. ಅರಬ್ಬಿಯ ಸಫರ್ ಎಂಬುದು ಅದರ ಮೂಲ. ಬಿಳಿಯರ ಕಾಲದಲ್ಲಿ ಈ ಶಬ್ದಕ್ಕೆ ಬಂದೂಕಿನ ವಾಸನೆ ಹತ್ತಿಕೊಂಡಿತು; ಸಿಂಹವನ್ನು ಕೊಂದು ಅದರ ಮೇಲೆ ಕಾಲಿಟ್ಟು ಭಾವಚಿತ್ರ ತೆಗೆಯಿಸಿಕೊಳ್ಳುವುದೇ ಸಫಾರಿಯೆನಿಸಿತು. ೧೯೭೭ರಲ್ಲಿ ಕೀನ್ಯಾ ದೇಶವು ಬೇಟೆಯನ್ನು ನಿಷೇಧಿಸಿತು. ಈಗ ಸಫಾರಿಗೆ ಹೋಗುವವರಲ್ಲಿ ಬಹುಮಂದಿ ಕೈಯಲ್ಲಿ ಹಿಡಿಯುವುದು ದುರ್ಬೀನನ್ನೇ ಹೊರತು ಕೋವಿಯನ್ನಲ್ಲ. ಸ್ವಾಹಿಲಿಯಲ್ಲಿ ಸಿಂಹಕ್ಕೆ ಸಿಂಬ ಎನ್ನುತ್ತಾರೆ. ಇದನ್ನು ಕೇಳಿದೊಡನೆ ಸಂಸ್ಕೃತವನ್ನೋದಿದ ನಮ್ಮಂಥವರ ಕಿವಿ ನೆಟ್ಟಗಾಗುವುದು. ಆದರೆ ಆ ಶಬ್ದವು ಆಫ್ರಿಕಾದ ಬಾಂಟು ಭಾಷೆಗಳಲ್ಲಿಯೇ ಹುಟ್ಟಿದುದು. ಸಾದೃಶ್ಯವು ಕೇವಲ ಆಕಸ್ಮಿಕವಾದುದು. ಗಾರಿ, ದುಕಾ, ಚಪಾತಿ, ಚಾಯ್ ಎಂಬ ಸ್ವಾಹಿಲಿ ಮಾತುಗಳು ಮಾತ್ರ ನಮ್ಮ ಕಡೆಯ ಕಿವಿಗೆ ಅಪರಿಚಿತವಲ್ಲ. ಹಿಂದೂ ಮಹಾಸಾಗರದ ವ್ಯಾಪಾರವು ಸರಕಿನೊಡನೆ ಮಾತನ್ನೂ ದಾಟಿಸಿತು.

ಈಗ ಮೊದಲನೆಯ ಪ್ರಶ್ನೆ. ಇದು ಹೊಸ ಹುಚ್ಚೆನ್ನುವವರು ಹಾಲೆಂಡಿನ ಅಲೆಕ್ಸಾಂಡ್ರಿನ್ ಟಿನ್ನೆ ಎಂಬಾಕೆಯ ಚರಿತ್ರೆಯನ್ನು ತಿಳಿಯತಕ್ಕುದು. ಈಕೆ ೧೮೩೫ರಲ್ಲಿ ಹೇಗ್ ನಗರದಲ್ಲಿ ಹುಟ್ಟಿದಳು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡನು. ಅಪಾರವಾದ ಆಸ್ತಿ ಕೈಸೇರಿತು. ೧೮೬೨ರಲ್ಲಿ ಈಕೆಯೂ ಈಕೆಯ ತಾಯಿ ಹ್ಯಾರಿಯೆಟ್ಟಳೂ ತಾಯಿಯ ಸೋದರಿ ಏಡ್ರಿಯಾನಳೂ ಕೂಡಿ ಕೈರೋ ನಗರದಿಂದ ನೈಲ್ ನದಿಯಲ್ಲಿ ಮೇಲ್ಮುಖವಾಗಿ ಹೊರಟರು. ಮೂವರು ಹೆಂಗಸರ ಯಾತ್ರೆ! ಖಾರ್ಟೂಮನ್ನು ದಾಟಿ ಶ್ವೇತ ನೈಲಿನ ಗುಂಟ ಗೊಂಡೊಕೊರೊ ಎಂಬಲ್ಲಿಯವರೆಗೆ ಹೋಗಿ, ಜ್ವರಪೀಡಿತರಾಗಿ ಹಿಂದಿರುಗಿದರು. ಮರುವರ್ಷವೇ ಮತ್ತೆ ಪ್ರಯಾಣ. ಈ ಸಲ ಇಬ್ಬರು ಜರ್ಮನ್ ವಿದ್ವಾಂಸರೂ ಜೊತೆಗೂಡಿದರು. ನೈಋತ್ಯಕ್ಕಿರುವ ಬಹರ್ ಎಲ್ ಘಜಲ್ ಎಂಬ ಜೌಗುನಾಡಿನ ಕಡೆಗೆ ಸವಾರಿ ಹೊರಟಿತು. ಆ ಜೌಗು ಅವರನ್ನು ಬಿಡಲಿಲ್ಲ. ೧೮೬೩ರ ಏಪ್ರಿಲಿನಲ್ಲಿ ವಿದ್ವಾಂಸರಲ್ಲೊಬ್ಬನಾದ ಸ್ಟಾಯ್ಡ್ನರ್ ಎಂಬವನು ಸತ್ತನು. ಜುಲೈಯಲ್ಲಿ ತಾಯಿ ಸತ್ತಳು. ಊರಿನಿಂದ ಕರೆತಂದಿದ್ದ ಇಬ್ಬರು ದಾಸಿಯರೂ ಸತ್ತರು. ಮಗಳು ಖಾರ್ಟೂಮಿಗೆ ಹಿಂದಿರುಗಿದ ಮೇಲೆ, ೧೮೬೪ರಲ್ಲಿ, ಏಡ್ರಿಯಾನಳೂ ಅಲ್ಲಿಯೇ ಕಣ್ಣು ಮುಚ್ಚಿದಳು.

ಇಷ್ಟು ನಷ್ಟವನ್ನು ತಿಂದ ಮೇಲೂ ಆಕೆ ಸಂಗ್ರಹಿಸಿದ ಸಸ್ಯಗಳು ವ್ಯರ್ಥವಾಗಲಿಲ್ಲ. ೧೮೬೭ರಲ್ಲಿ ವಿಯೆನ್ನಾದಲ್ಲಿ ಅವುಗಳ ವರ್ಣನೆಯು ಗ್ರಂಥರೂಪವಾಗಿ ಹೊರಬಿದ್ದಿತು. ಒಂದು ಸಸ್ಯಜಾತಿಗೆ ಟಿನ್ನೆಯಾ ಎಂದೇ ಹೆಸರಾಯಿತು. ೧೮೬೯ರಲ್ಲಿ ಸಹಾರಾ ಮರುಭೂಮಿಯನ್ನು ದಾಟಲು ಹೊರಟಾಗ ದಾರಿಯಲ್ಲಿ ಆಕೆಯ ಕೊಲೆಯಾಯಿತು. ಆಗ ಆಕೆಗೆ ಮೂವತ್ತನಾಲ್ಕು ವರ್ಷವೂ ತುಂಬಿರಲಿಲ್ಲ. ಇದು ಅನುಕರಣೀಯವಾದ ಸಾಹಸವೆಂದು ನಾವು ಹೇಳುವುದಿಲ್ಲ. ಆದರೆ ಸ್ತ್ರೀಯರಿಗೆ ಅರಣ್ಯದ ಕುತೂಹಲವು ನಿನ್ನೆ ಮೊನ್ನೆ ಹುಟ್ಟಿದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಟಿನ್ನೆ ನೈಲಿಗೆ ಹೊರಟ ೧೮೬೨ರಲ್ಲಿಯೇ ಲಂಡನ್ನಿನಲ್ಲಿ ಮೇರಿ ಕಿಂಗ್ಸ್‌ಲಿ ಹುಟ್ಟಿದಳು. ಈಕೆಯ ವೃತ್ತಾಂತವು ನಮ್ಮ ಗೃಹಿಣಿಯರ ಹೃದಯಕ್ಕೆ ಇನ್ನೂ ಸಮೀಪವಾದುದು. ಈಕೆಯನ್ನು ಶಾಲೆಗೆ ಕಳುಹಿಸಲಿಲ್ಲ. ತಂದೆ ವೈದ್ಯನು, ಸದಾ ದೇಶಾಂತರದಲ್ಲಿರುವವನು, ತಾಯಿ ರೋಗಿಷ್ಠೆ. ತಂದೆಯ ಪುಸ್ತಕಗಳ ಬೀರುವೇ ಈಕೆಯ ಪಾಠಶಾಲೆ, ತಾಯಿಯ ಹಾಸಿಗೆಯ ಪಕ್ಕವೇ ಈಕೆಯ ಪ್ರಪಂಚ. ಮೂವತ್ತು ವರ್ಷ ಹೀಗೆ ಕಳೆಯಿತು. ೧೮೯೨ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಶುಶ್ರೂಷೆ ಮಾಡುವುದಕ್ಕೆ ಯಾರೂ ಉಳಿಯದ ಹೆಣ್ಣು ಮರುವರ್ಷ ಪಶ್ಚಿಮ ಆಫ್ರಿಕಾದ ಹಡಗನ್ನು ಹತ್ತಿದಳು. ಬಟ್ಟೆ, ಹೊಗೆಸೊಪ್ಪು, ಗಾಳದ ಕೊಕ್ಕೆಗಳನ್ನು ಮಾರುವ ವ್ಯಾಪಾರಿಯಾಗಿ ಹಳ್ಳಿಯಿಂದ ಹಳ್ಳಿಗೆ ನಡೆದಳು. ಎರಡನೆಯ ಪ್ರಯಾಣದಲ್ಲಿ, ೧೮೯೫ರಲ್ಲಿ, ಗೆಬಾನಿನ ಓಗೊವೆ ನದಿಯಲ್ಲಿ ದೋಣಿಯೇರಿ ಹೋಗಿ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಮೀನುಗಳನ್ನು ಸಂಗ್ರಹಿಸಿದಳು. ಹದಿಮೂರು ಸಾವಿರ ಅಡಿಗೂ ಮಿಕ್ಕಿದ ಕ್ಯಾಮರೂನ್ ಪರ್ವತವನ್ನು ಹತ್ತಿದಳು. ದೋಣಿಯನ್ನೇರಲು ಬಂದ ಮೊಸಳೆಯ ಮೂತಿಗೆ ಹುಟ್ಟಿನಿಂದ ಬಾರಿಸಿ ಹಿಂದಕ್ಕೆ ಕಳುಹಿಸಿದಳು. ಒಮ್ಮೆ ಮೃಗಗಳನ್ನು ಹಿಡಿಯಲು ಚೂಪಾದ ಗೂಟಗಳನ್ನು ನೆಟ್ಟು ಮುಚ್ಚಿದ್ದ ಗುಂಡಿಯಲ್ಲಿ ಬಿದ್ದಾಗ, ಉಟ್ಟಿದ್ದ ದಪ್ಪನೆಯ ಲಂಗವೇ ಈಕೆಯನ್ನು ಉಳಿಸಿತು. ಲಂಗವು ಪ್ರಯಾಣಕ್ಕೆ ಅಡ್ಡಿಯೆನ್ನುವವರಿಗೆ ಈಕೆ ಕೊಟ್ಟ ಉತ್ತರವಿದು. ೧೯೦೦ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋವರ್ ಯುದ್ಧದ ಸೆರೆಯಾಳುಗಳ ಶುಶ್ರೂಷೆ ಮಾಡುತ್ತಿದ್ದಾಗ ವಿಷಮಶೀತಜ್ವರ ತಗುಲಿ ಮೃತಳಾದಳು. ಶುಶ್ರೂಷೆಯಿಂದ ಆರಂಭವಾದ ಜೀವನವು ಶುಶ್ರೂಷೆಯಲ್ಲಿಯೇ ಮುಗಿಯಿತು. ನಡುವಿನ ಕೆಲವೇ ವರ್ಷಗಳು ಮಾತ್ರ ಆಕೆಯ ಸ್ವಂತದವು.

ಈ ಪ್ರಯಾಣಗಳನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಅಮೆರಿಕಾದ ಮೇ ಫ್ರೆಂಚ್ ಶೆಲ್ಡನ್ ಎಂಬಾಕೆ ೧೮೯೧ರಲ್ಲಿ ಮೊಂಬಾಸಾದಿಂದ ಕಿಲಿಮಂಜಾರೋ ಪರ್ವತದ ಕಡೆಗೆ ಹೊರಟಾಗ ನೂರಕ್ಕೂ ಹೆಚ್ಚು ಮಂದಿ ಹೊರೆಯಾಳುಗಳು ಆಕೆಯ ಸಾಮಾನನ್ನು ಹೊತ್ತು ನಡೆದರು. ಆಕೆಯ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಹೊರೆಯಾಳುಗಳ ಹೆಸರು ಯಾರಿಗೆ ತಿಳಿದಿದೆ? ಬಿಳಿಯ ಸ್ತ್ರೀಯ ಸ್ವಾತಂತ್ರ್ಯವು ಕರಿಯ ಪುರುಷನ ಬೆನ್ನನ್ನೇರಿ ಬಂದಿತೆಂಬುದು ಕಹಿಯಾದರೂ ಸತ್ಯ. ಇಂದಿನ ಯಾತ್ರಿಕರು ಆ ಋಣವನ್ನು ನೆನಪಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಶತಮಾನವು ತಿರುಗಿದ ಮೇಲೆ ಇನ್ನೊಬ್ಬ ತಾಯಿ ಮಗಳ ಜೋಡಿ ಆಫ್ರಿಕಾದ ಕಾಡನ್ನು ಹೊಕ್ಕಿತು. ೧೯೬೦ರ ಜುಲೈಯಲ್ಲಿ ಇಪ್ಪತ್ತಾರು ವರ್ಷದ ಜೇನ್ ಗುಡಾಲ್ ಎಂಬಾಕೆ ಚಿಂಪಾಂಜಿಗಳ ಅಧ್ಯಯನಕ್ಕಾಗಿ ಟ್ಯಾಂಗನೀಕಾ ಸರೋವರದ ದಡದ ಗೋಂಬೆ ಅರಣ್ಯಕ್ಕೆ ಬಂದಳು. ಒಂಟಿ ಹೆಣ್ಣನ್ನು ಕಾಡಿನಲ್ಲಿ ಬಿಡಲು ಬ್ರಿಟಿಷ್ ಅಧಿಕಾರಿಗಳು ಒಪ್ಪಲಿಲ್ಲ. ಆಗ ಆಕೆಯ ತಾಯಿ ತಾನೇ ಜೊತೆಗೆ ಹೊರಟು ಕೆಲವು ತಿಂಗಳು ಡೇರೆಯಲ್ಲಿದ್ದು, ಸುತ್ತಲ ಬೆಸ್ತರಿಗೆ ಔಷಧ ಹಂಚುತ್ತ ಊರವರ ಸ್ನೇಹವನ್ನು ಸಂಪಾದಿಸಿಕೊಟ್ಟಳು. ಆ ವರ್ಷವೇ ಮಗಳು, ಚಿಂಪಾಂಜಿಯು ಹುಲ್ಲುಕಡ್ಡಿಯನ್ನು ಹುತ್ತದೊಳಕ್ಕೆ ತೂರಿಸಿ ಗೆದ್ದಲನ್ನು ಹಿಡಿದು ತಿನ್ನುವುದನ್ನು ಕಂಡಳು. ಉಪಕರಣವನ್ನು ಮಾಡಿ ಬಳಸುವವನು ಮನುಷ್ಯನೊಬ್ಬನೇ ಎಂದಿದ್ದ ಶಾಸ್ತ್ರವು ಅಂದಿನಿಂದ ತಿದ್ದಲ್ಪಟ್ಟಿತು. ೨೦೨೫ರ ಅಕ್ಟೋಬರ್ ೧ರಂದು ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆಕೆ ಊರೂರು ಸಂಚರಿಸಿ ಉಪನ್ಯಾಸ ಮಾಡುತ್ತಲೇ ಇದ್ದಳು. ಮಗಳ ಕೀರ್ತಿಯನ್ನು ಲೋಕವು ಬಲ್ಲುದು. ಜೊತೆಗೆ ಹೊರಟುನಿಂತ ಆ ತಾಯಿಗೂ ನಮ್ಮ ನಮಸ್ಕಾರ ಸಲ್ಲತಕ್ಕುದು.

ಇನ್ನು ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ಬರೋಣ. ನಾವು ಅಧ್ಯಾಪಕವೃತ್ತಿಗೆ ಸೇರಿದ ಹೊಸದರಲ್ಲಿ ನಮ್ಮ ತರಗತಿಯಲ್ಲಿದ್ದ ಹುಡುಗಿಯೊಬ್ಬಳಿಗೆ ಈಗ ಐವತ್ತು ದಾಟಿದೆ. ಪಾರ್ಶ್ವವಾಯು ಬಡಿದ ಅತ್ತೆಯನ್ನು ಒಂಬತ್ತು ವರ್ಷ ಮಗುವಿನಂತೆ ನೋಡಿಕೊಂಡವಳು. ಅತ್ತೆ ತೀರಿಕೊಂಡು ವರ್ಷಾಬ್ದಿಕವು ಮುಗಿದ ಮೇಲೆ, ಐದು ಮಂದಿ ಗೆಳತಿಯರೊಡನೆ ಟಾಂಜಾನಿಯಾಕ್ಕೆ ಹೋಗುವೆನೆಂದಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಿಗೆ ಅರುವತ್ತೇಳು. ಮಗನು, "ಅಷ್ಟು ದೂರ ಏಕಮ್ಮ? ಪ್ರಾಣಿಗಳನ್ನು ನೋಡಬೇಕಾದರೆ ನಾನೇ ಕಬಿನಿಗೆ ಕರೆದುಕೊಂಡು ಹೋಗುತ್ತೇನೆ" ಎಂದನಂತೆ. "ನೀನು ಕರೆದುಕೊಂಡು ಹೋದರೆ ಅಲ್ಲಿಯೂ ನಿನ್ನ ಊಟದ ಯೋಚನೆಯನ್ನೇ ಮಾಡುತ್ತಿರುತ್ತೇನಪ್ಪ" ಎಂಬುದು ತಾಯಿಯ ಉತ್ತರ. ಮಗನು ಬುದ್ಧಿವಂತ, ಸುಮ್ಮನಾದನು. ಹಿಂದಿರುಗಿದ ಮೇಲೆ ಆಕೆ ನಮ್ಮಲ್ಲಿಗೆ ಬಂದು ಎರಡು ಗಂಟೆಗಳ ಕಾಲ ತಾನು ಕಂಡುದನ್ನು ವರ್ಣಿಸಿದಳು. ಮುಂದಿನ ಬರಹದಲ್ಲಿ ಆಕೆಯ ಕಣ್ಣು, ನಮ್ಮ ಪುಸ್ತಕ, ಎರಡೂ ಕೂಡಿವೆ.

ಆರುಷಾ ಎಂಬ ಊರಿನಿಂದ ಇವರ ಪ್ರಯಾಣ. ಚಾವಣಿಯನ್ನು ಮೇಲಕ್ಕೆತ್ತಬಹುದಾದ ಒಂದು ಗಟ್ಟಿ ಮೋಟಾರು ಗಾಡಿ, ಆರು ಮಂದಿಗೆ ಆರು ಕಿಟಕಿ. ಸಣ್ಣ ಗುಂಪಿನ ಮೊದಲನೆಯ ಲಾಭವಿದು. ಸಾರಥಿಯೂ ಮಾರ್ಗದರ್ಶಿಯೂ ಆಗಿದ್ದಾಕೆ ಆ ದೇಶದ ಸ್ತ್ರೀಯೇ. ಹೆಂಗಸರಿಗೆ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು, ಏಕೆ ನಿಲ್ಲಿಸಬೇಕು ಎಂಬುದನ್ನು ಆಕೆಗೆ ಸಂಕೋಚವಿಲ್ಲದೆ ಹೇಳಬಹುದಾಗಿದ್ದಿತು. ಇದು ಸಣ್ಣ ಮಾತೆಂದು ತಿಳಿಯುವವರು ಪುರುಷರು ಮಾತ್ರ. "ಮೇಷ್ಟ್ರೇ, ಎಂಟು ದಿನ ನಾನು ಯಾರಿಗೂ ಕಾಫಿ ಮಾಡಿಕೊಡಲಿಲ್ಲ. ನನಗೆ ಆನೆ ಸಿಂಹಗಳಿಗಿಂತ ಮೊದಲು ಕಂಡ ಅದ್ಭುತ ಅದೇ" ಎಂದು ನಮ್ಮ ವಿದ್ಯಾರ್ಥಿನಿಯು ನಕ್ಕಳು.

ಅಗ್ನಿಪರ್ವತವೊಂದು ಪುರಾತನಕಾಲದಲ್ಲಿ ಕುಸಿದು ಉಂಟಾದ ಂಗೊರೊಂಗೊರೊ ಎಂಬ ಮಹಾಕುಂಡವು ಈ ದಾರಿಯಲ್ಲಿದೆ. ಆಳ ಸುಮಾರು ೬೦೦ ಮೀಟರು. ತಳದ ವಿಸ್ತಾರ ಸುಮಾರು ೨೬೦ ಚದರ ಕಿಲೋಮೀಟರು. ಅಂಚಿನಲ್ಲಿ ಚಳಿ, ಮಂಜು. ತಳದಲ್ಲಿ ಹುಲ್ಲು, ಕೆರೆ, ಸಿಂಹ, ಖಡ್ಗಮೃಗ. ಆ ಪ್ರದೇಶಕ್ಕೆ ಸೇರಿದ ಓಲ್ಡುವಾಯ್ ಕಂದರದಲ್ಲಿ ೧೯೫೯ರಲ್ಲಿ ಮೇರಿ ಲೀಕಿ ಎಂಬಾಕೆ, ಗಂಡನು ಕಾಯಿಲೆಯಿಂದ ಡೇರೆಯಲ್ಲಿ ಮಲಗಿದ್ದ ದಿನ, ಹದಿನೇಳೂವರೆ ಲಕ್ಷ ವರ್ಷಗಳಷ್ಟು ಪ್ರಾಚೀನವಾದ ತಲೆಬುರುಡೆಯನ್ನು ಕಂಡುಹಿಡಿದಳು. ೧೯೭೮ರಲ್ಲಿ ಆಕೆಯ ತಂಡವು ಅಲ್ಲಿಗೆ ದೂರವಲ್ಲದ ಲೇಟೋಲಿ ಎಂಬಲ್ಲಿ, ಬೂದಿಯ ಮೇಲೆ ಮೂಡಿ ಕಲ್ಲಾಗಿ ಉಳಿದ ಹೆಜ್ಜೆಗಳ ಸಾಲನ್ನು ಅಗೆದು ತೆಗೆಯಿತು. ಎರಡು ಕಾಲಿನ ಮೇಲೆ ನೆಟ್ಟಗೆ ನಡೆದ ನಮ್ಮ ಪೂರ್ವಿಕರ ಸಮೂಹವೊಂದರ ಹೆಜ್ಜೆಗಳವು. ಮೂವತ್ತಾರು ಲಕ್ಷ ವರ್ಷ ಹಳೆಯವು. ಸಣ್ಣ ಗುಂಪಿನಲ್ಲಿ ಆಫ್ರಿಕಾದ ಬಯಲನ್ನು ದಾಟುವುದು ಎಷ್ಟು ಹಳೆಯ ಪದ್ಧತಿಯೆಂಬುದು ಇದರಿಂದ ವಿದಿತವಾಗುವುದು.

ಅಲ್ಲಿಂದ ಮುಂದೆ ಸೆರೆಂಗೆಟಿ. ಮಾಸಾಯಿ ಜನರ ಭಾಷೆಯಲ್ಲಿ ಇದಕ್ಕೆ ಕೊನೆಯಿಲ್ಲದ ಬಯಲೆಂದರ್ಥ. ೧೯೫೧ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಭೂಮಿಯ ವಿಸ್ತೀರ್ಣ ೧೪,೭೬೩ ಚದರ ಕಿಲೋಮೀಟರು. ಸುಮಾರು ಹದಿಮೂರು ಲಕ್ಷ ವಿಲ್ಡೆಬೀಸ್ಟುಗಳು, ಲಕ್ಷಾಂತರ ಪಟ್ಟೆಕುದುರೆಗಳು ಮತ್ತು ಜಿಂಕೆಗಳೊಡನೆ, ಮಳೆಯನ್ನೂ ಹುಲ್ಲನ್ನೂ ಅನುಸರಿಸಿ ವರ್ಷವಿಡೀ ಚಕ್ರದಂತೆ ಸುತ್ತುತ್ತಿರುತ್ತವೆ. ಜುಲೈ ತಿಂಗಳಿನಿಂದ ಮುಂದಕ್ಕೆ ಉತ್ತರದಲ್ಲಿ ಮೊಸಳೆಗಳಿಂದ ತುಂಬಿದ ಮಾರಾ ನದಿಯನ್ನು ಹಾಯುತ್ತವೆ. ಫೆಬ್ರವರಿಯ ಸುಮಾರಿಗೆ ದಕ್ಷಿಣದ ಚಿಕ್ಕ ಹುಲ್ಲಿನ ಬಯಲಲ್ಲಿ ಕೆಲವೇ ವಾರಗಳೊಳಗಾಗಿ ಲಕ್ಷಗಟ್ಟಲೆ ಕರುಗಳನ್ನು ಈಯುತ್ತವೆ. ಎಲ್ಲವೂ ಒಮ್ಮೆಗೇ ಈಯುವುದರಲ್ಲಿ ಪ್ರಕೃತಿಯ ಯುಕ್ತಿಯಿದೆ: ಹಿಂಸ್ರಪಶುಗಳು ಎಷ್ಟು ತಿಂದರೂ ತಿಂದು ಮುಗಿಸಲಾರವು.

ಇವರು ಹೋದುದು ಆ ಫೆಬ್ರವರಿಯಲ್ಲಿಯೇ. ಗಾಡಿಯ ಮುಂದೆ ಇಪ್ಪತ್ತು ಮಾರು ದೂರದಲ್ಲಿ ಒಂದು ತಾಯಿ ಈಯಿತಂತೆ. ಕರುವು ಏಳುವುದು, ಮುಗ್ಗರಿಸುವುದು, ಮತ್ತೆ ಏಳುವುದು. ಅಷ್ಟರಲ್ಲಿ ದೂರದಲ್ಲಿ ಒಂದು ಕತ್ತೆಕಿರುಬ ತಲೆಯೆತ್ತಿತು. ಆರು ಮಂದಿಯೂ ಉಸಿರು ಬಿಗಿಹಿಡಿದರು. "ಏಳು ಮಗು, ಏಳು" ಎಂದು ಅರುವತ್ತೇಳರ ಹಿರಿಯಳು ಕನ್ನಡದಲ್ಲಿ ಹೇಳತೊಡಗಿದಳಂತೆ. ಕರು ಎದ್ದಿತು, ತಾಯಿಯ ಮಗ್ಗುಲಲ್ಲಿ ಓಡಿತು. ಕಿರುಬವು ತಿರುಗಿ, ಅತ್ತ ಇನ್ನೂ ಏಳಲಾರದಿದ್ದ ಮತ್ತೊಂದನ್ನು ಹಿಡಿಯಿತು. ಗಾಡಿಯಲ್ಲಿ ಒಬ್ಬಾಕೆ ಅತ್ತಳು. ಮಾರ್ಗದರ್ಶಿಯು, "ಅದಕ್ಕೂ ಬಿಲದಲ್ಲಿ ಮರಿಗಳಿವೆ ತಾಯಿ" ಎಂದಷ್ಟೇ ಹೇಳಿ ಸುಮ್ಮನಾದಳು. ಹಾಲೂಡಿಸಬೇಕಾದ ಹೊಟ್ಟೆ ಎರಡು ಪಕ್ಷದಲ್ಲಿಯೂ ಇದ್ದುದನ್ನು ಆಗ ಅರಿತೆವೆಂದು ನಮ್ಮ ವಿದ್ಯಾರ್ಥಿನಿಯು ಹೇಳಿದಳು. ನೀತಿಪಾಠದ ಪುಸ್ತಕದಲ್ಲಿ ಇಂಥದನ್ನು ಬರೆಯುವುದು ಕಷ್ಟ.

ಮೃಗಗಳ ಕುಟುಂಬವ್ಯವಸ್ಥೆಯಂತೂ ಗೃಹಿಣಿಯರು ವಿಶೇಷವಾಗಿ ಗಮನಿಸತಕ್ಕುದು. ಸಿಂಹದ ಹಿಂಡೆಂದರೆ ಅಜ್ಜಿ, ತಾಯಿ, ಅಕ್ಕ, ತಂಗಿ, ಮಗಳು ಇವರ ಬಳಗ. ಹೆಣ್ಣುಸಿಂಹಗಳಲ್ಲಿ ಹೆಚ್ಚಿನವು ಹುಟ್ಟಿದ ಹಿಂಡಿನಲ್ಲಿಯೇ ಬಾಳುತ್ತವೆ. ಬೆಳೆದ ಮೇಲೆ ಹೊರಟುಹೋಗಬೇಕಾದವನು ಗಂಡುಮಗನೇ. ತವರನ್ನು ಬಿಡುವ ದುಃಖವು ಅಲ್ಲಿ ಗಂಡಿನ ಪಾಲಿನದು! ಒಬ್ಬಳ ಮರಿಗೆ ಮತ್ತೊಬ್ಬಳು ಮೊಲೆಯೂಡಿಸುವುದೂ ಉಂಟು. ಚುಕ್ಕೆಯ ಕತ್ತೆಕಿರುಬಗಳಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಗುಂಪಿನ ಯಜಮಾನಿಕೆಯೂ ಹೆಣ್ಣಿನದೇ.

ಆದರೆ ಎಲ್ಲಕ್ಕಿಂತ ಮಿಗಿಲಾದುದು ಆನೆಯ ಸಂಸಾರ. ನಮ್ಮ ಕಾಡಿನ ಹೆಣ್ಣಾನೆಗೆ ಹೊರಗೆ ಕಾಣುವ ದೊಡ್ಡ ದಂತವಿಲ್ಲ. ಆಫ್ರಿಕಾದಲ್ಲಿ ಹೆಣ್ಣಿಗೂ ದಂತವುಂಟು. ಮೊರದಗಲದ ಕಿವಿಯೆಂಬ ನಮ್ಮ ಮಾತು ಅಲ್ಲಿನ ಆನೆಗೆ ಸಾಲದು. ಹಿಂಡನ್ನು ನಡೆಸುವವಳು ವೃದ್ಧೆಯಾದ ಹೆಣ್ಣಾನೆ. ಅವಳು ಬಲದಿಂದ ನಡೆಸುವುದಿಲ್ಲ, ನೆನಪಿನಿಂದ ನಡೆಸುತ್ತಾಳೆ. ೧೯೯೩ರಲ್ಲಿ ಟಾಂಜಾನಿಯಾದ ತರಂಗೀರೆ ಅರಣ್ಯದಲ್ಲಿ ಘೋರವಾದ ಕ್ಷಾಮ ಬಂದಿತು. ಒಂಬತ್ತು ತಿಂಗಳಲ್ಲಿ, ವಿದ್ವಾಂಸರು ಗಮನಿಸುತ್ತಿದ್ದ ೮೧ ಮರಿಗಳಲ್ಲಿ ೧೬ ಸತ್ತವು. ಆದರೆ ಸಾವು ಎಲ್ಲ ಹಿಂಡುಗಳಲ್ಲಿಯೂ ಸಮವಾಗಿರಲಿಲ್ಲ. ಅರಣ್ಯವನ್ನು ಬಿಟ್ಟು ಬೇರೆಡೆಗೆ ನೀರನ್ನರಸಿ ಹೋದ ಹಿಂಡುಗಳಲ್ಲಿ ನಷ್ಟ ಕಡಿಮೆ. ಅಲ್ಲಿಯೇ ಉಳಿದ ಹಿಂಡಿನಲ್ಲಿ ಹೆಚ್ಚು. ಹೊರಟುಹೋದ ಹಿಂಡುಗಳ ನಾಯಕಿಯರು ವಯಸ್ಸಾದವರು. ೧೯೫೮ರಿಂದ ೧೯೬೧ರವರೆಗೆ ಬಿದ್ದ ಹಿಂದಿನ ಕ್ಷಾಮವನ್ನು ಮರಿಯಾಗಿದ್ದಾಗ ಕಂಡಿದ್ದವರು, ಆಗ ತಮ್ಮ ತಾಯಂದಿರು ಯಾವ ದಾರಿಯಿಂದ ನೀರಿಗೆ ಕರೆದೊಯ್ದರೆಂಬುದನ್ನು ಮೂವತ್ತು ವರ್ಷವಾದರೂ ಮರೆಯದೆ ಇದ್ದಿರಬೇಕೆಂದು ೨೦೦೮ರಲ್ಲಿ ಪ್ರಕಟವಾದ ಅಧ್ಯಯನವು ಊಹಿಸಿತು. ಉಳಿದ ಹಿಂಡಿನ ನಾಯಕಿಗೆ ಅಷ್ಟು ಹಳೆಯ ನೆನಪಿರಲಿಲ್ಲ. ದಂತದ ಆಸೆಗಾಗಿ ಮುದಿ ಹೆಣ್ಣಾನೆಯೊಂದನ್ನು ಕೊಂದವನು ಒಂದು ಜೀವವನ್ನು ಮಾತ್ರವಲ್ಲ, ಇಡೀ ಸಂಸಾರದ ನೀರಿನ ದಾರಿಯನ್ನೇ ಅಳಿಸುತ್ತಾನೆ.

ಈ ವೃತ್ತಾಂತವನ್ನು ಓದುವಾಗ ನಮ್ಮ ಮನಸ್ಸು ಮನೆಗಳ ಕಡೆಗೆ ತಿರುಗದಿರಲಿಲ್ಲ. ಮಕ್ಕಳು ದೊಡ್ಡವರಾಗಿ, ಹಿರಿಯರು ತೀರಿಕೊಂಡು, ಇನ್ನು ಈಕೆಯಿಂದ ಆಗಬೇಕಾದ ಕೆಲಸವೇನೂ ಇಲ್ಲವೆಂದು ಮನೆಯವರು ಬಾಯಿಬಿಟ್ಟು ಹೇಳದೆ ತೋರಿಸಿಕೊಡುವ ವಯಸ್ಸು ಹೆಂಗಸಿಗೆ ಬಹು ಕಠಿಣವಾದುದು. ಅಂಥ ಆರು ಮಂದಿ ತರಂಗೀರೆಯ ದೊಡ್ಡ ಬಾವೊಬಾಬ್ ಮರಗಳ ಕೆಳಗೆ, ಎಲ್ಲರಿಗಿಂತ ಮುಂದೆ ನಡೆಯುವ ಮುದಿಯಾನೆಯನ್ನೂ, ಅದು ನಿಂತರೆ ನಿಂತು, ನಡೆದರೆ ನಡೆಯುವ ಹಿಂಡನ್ನೂ ಅರ್ಧ ಗಂಟೆ ಮಾತಿಲ್ಲದೆ ನೋಡಿದರಂತೆ. ಪ್ರಯೋಜನವೇನೆಂದು ಕೇಳುವವರಿಗೆ ಇದನ್ನೇ ಹೇಳತಕ್ಕುದು.

ಪ್ರಯೋಜನವು ಹೋದವರಿಗೆ ಮಾತ್ರವಲ್ಲ. ಆಫ್ರಿಕಾದಲ್ಲಿಯೂ ಅರಣ್ಯದ ಉದ್ಯೋಗಗಳು ಬಹುಕಾಲ ಪುರುಷರ ಸೊತ್ತಾಗಿದ್ದುವು. ಈಗ ಬೋಟ್ಸ್ವಾನಾ ದೇಶದ ಚೋಬೆ ಅರಣ್ಯದ ಪ್ರಸಿದ್ಧ ವಸತಿಗೃಹವೊಂದರ ಮಾರ್ಗದರ್ಶಿಗಳೆಲ್ಲರೂ ಸ್ತ್ರೀಯರು. ಸೆರೆಂಗೆಟಿಯಲ್ಲಿ ದುನಿಯಾ ಎಂಬ ಶಿಬಿರವು ಸ್ತ್ರೀಯರೇ ನಡೆಸುವ ಶಿಬಿರವೆಂದು ಹೆಸರಾಗಿದೆ. ೨೦೧೩ರಲ್ಲಿ ದಕ್ಷಿಣ ಆಫ್ರಿಕಾದ ಬಲೂಲೆ ಅರಣ್ಯದಲ್ಲಿ ಬ್ಲ್ಯಾಕ್ ಮಾಂಬಾ ಎಂಬ ಕಾವಲುಪಡೆ ಹುಟ್ಟಿತು. ಈ ಹೆಣ್ಣುಮಕ್ಕಳು ಆಯುಧವಿಲ್ಲದೆ ಗಸ್ತು ತಿರುಗಿ ಕಳ್ಳಬೇಟೆಗಾರರ ಉರುಲುಗಳನ್ನು ಕಿತ್ತೆಸೆಯುತ್ತಾರೆ. ೨೦೧೭ರಲ್ಲಿ ಜಿಂಬಾಬ್ವೆಯಲ್ಲಿ ಅಕಾಶಿಂಗಾ, ಎಂದರೆ ಧೀರೆಯರು, ಎಂಬ ಪಡೆ ಏರ್ಪಟ್ಟಿತು. ಅದಕ್ಕೆ ಮೊದಲು ಸೇರಿದವರಲ್ಲಿ ಅನಾಥೆಯರೂ, ಗಂಡನ ಹೊಡೆತವನ್ನು ತಾಳಲಾರದೆ ಮನೆಬಿಟ್ಟವರೂ, ಒಬ್ಬರೇ ಮಕ್ಕಳನ್ನು ಸಾಕುತ್ತಿದ್ದವರೂ ಇದ್ದರು. ಕಾಡನ್ನು ಕಾಯುವ ಸಂಬಳದಿಂದ ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ. ಯಾತ್ರಿಕರು ತೆರುವ ಹಣದಲ್ಲಿ ಒಂದಂಶವಾದರೂ ಇಂಥ ಕೈಗಳನ್ನು ಸೇರುವುದೇ ಎಂದು ವಿಚಾರಿಸಿ ಯಾತ್ರೆಯನ್ನು ಏರ್ಪಡಿಸಿಕೊಳ್ಳುವುದು ಧರ್ಮ.

ಧರ್ಮದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಆ ಬಯಲುಗಳು ನಿರ್ಜನವಾದುವಲ್ಲ. ೧೯೫೯ರಲ್ಲಿ ಸೆರೆಂಗೆಟಿಯಿಂದ ಹೊರಡಿಸಲ್ಪಟ್ಟ ಮಾಸಾಯಿ ಗೋಪಾಲಕರು ಂಗೊರೊಂಗೊರೊ ಪ್ರದೇಶದಲ್ಲಿ ನೆಲೆಸಿದರು. ೨೦೨೨ರಿಂದ ಅವರನ್ನು ಅಲ್ಲಿಂದಲೂ ದೂರದ ಮ್ಸೊಮೆರಾ ಎಂಬಲ್ಲಿಗೆ ಸಾಗಿಸುವ ಏರ್ಪಾಡು ನಡೆದು ದೊಡ್ಡ ವಿವಾದವೆದ್ದಿತು. ಸ್ವೇಚ್ಛೆಯಿಂದ ಹೋಗುತ್ತಾರೆಂದು ಸರ್ಕಾರವೂ, ಬಲವಂತವೆಂದು ಮಾಸಾಯಿಗಳಲ್ಲಿ ಅನೇಕರೂ ಹೇಳುತ್ತಾರೆ. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಕಥೆಯನ್ನು ಬಲ್ಲ ನಮಗೆ ಇದು ಅರ್ಥವಾಗದ ವಿಷಯವಲ್ಲ. ಮೃಗವನ್ನು ನೋಡಲು ಹೋದವರು ಮನುಷ್ಯನನ್ನೂ ನೋಡಿ ಬರಬೇಕು. ಮಾಸಾಯಿ ಹೆಂಗಸಿನ ಭಾವಚಿತ್ರವನ್ನು ಅವಳ ಅಪ್ಪಣೆಯಿಲ್ಲದೆ ತೆಗೆಯಬಾರದು.

ಅಪಾಯದ ವಿಷಯದಲ್ಲಿ ಕೆಲವು ವ್ಯಾವಹಾರಿಕ ಸೂಚನೆಗಳು. ಅಲ್ಲಿ ಸಿಂಹಕ್ಕಿಂತ ಸೊಳ್ಳೆಗೆ ಹೆಚ್ಚು ಹೆದರತಕ್ಕುದು. ಮಲೇರಿಯಾ ನಿವಾರಣೆಗೆ ಹೊರಡುವ ಮೊದಲೇ ವೈದ್ಯರ ಸಲಹೆಯಂತೆ ಗುಳಿಗೆಗಳನ್ನು ಆರಂಭಿಸಬೇಕು. ಕೀನ್ಯಾ ಮೊದಲಾದ ದೇಶಗಳಿಂದ ನಮ್ಮ ದೇಶಕ್ಕೆ ಹಿಂದಿರುಗುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕು. ಆ ಪತ್ರವು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಸಿಂಧುವಾಗುವುದರಿಂದ ಕೊನೆಯ ಗಳಿಗೆಗೆ ಬಿಡಬಾರದು. ಗಾಡಿಯಿಂದ ಮಾರ್ಗದರ್ಶಿಯ ಅಪ್ಪಣೆಯಿಲ್ಲದೆ ಇಳಿಯಬಾರದು. ಕತ್ತಲಾದ ಮೇಲೆ ಶಿಬಿರದಲ್ಲಿ ಕಾವಲುಗಾರನ ಜೊತೆಯಿಲ್ಲದೆ ಒಂದು ಡೇರೆಯಿಂದ ಇನ್ನೊಂದಕ್ಕೆ ಹೋಗಕೂಡದು. ಅಲ್ಲಿ ಬೇಲಿಯಿಲ್ಲ, ನೀರಾನೆಗಳು ಮೇಯಲು ಬರುವುದುಂಟು. ಸೀರೆಯು ಈ ಧೂಳಿಗೂ ಗಾಡಿಯ ಮೆಟ್ಟಿಲಿಗೂ ಅನುಕೂಲವಲ್ಲ. ಸಡಿಲವಾದ ಮಣ್ಣುಬಣ್ಣದ ಉಡುಪು ಉತ್ತಮ. ಕಡುನೀಲಿಯೂ ಕಪ್ಪೂ ಬೇಡ, ಏಕೆಂದರೆ ತ್ಸೆತ್ಸೆ ಎಂಬ ಕಚ್ಚುವ ನೊಣವು ಆ ಬಣ್ಣಗಳಿಗೆ ಮುತ್ತುತ್ತದೆ. ರಾತ್ರಿಯ ಚಳಿಗೆ ಉಣ್ಣೆಯ ಶಾಲು ಇರಲಿ. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾದಲ್ಲಿ ೨೦೧೭ರಿಂದಲೂ ಟಾಂಜಾನಿಯಾದಲ್ಲಿ ೨೦೧೯ರಿಂದಲೂ ನಿಷೇಧಿಸಿದ್ದಾರೆ. ಬಟ್ಟೆಯ ಚೀಲವೇ ಸರಿ. ಶಾಕಾಹಾರಿಗಳು ಮೊದಲೇ ತಿಳಿಸಿದರೆ ಅನ್ನ, ಬೇಳೆ, ಚಪಾತಿ, ಹಣ್ಣುಗಳಿಗೆ ಕೊರತೆಯಾಗದು. ಸೊಂಟನೋವಿನವರು ಹಿಂದಿನ ಸಾಲಿನಲ್ಲಿ ಕೂರಬಾರದು. ದಾರಿಯ ಕುಲುಕಾಟವು ಅಲ್ಲಿ ಹೆಚ್ಚು.

ಇದಲ್ಲದೆ, ಯಾತ್ರೆಯನ್ನು ಏರ್ಪಡಿಸುವವರನ್ನು ನಾಲ್ಕು ಮಾತು ಕೇಳಿ ಬರಹದಲ್ಲಿ ಉತ್ತರ ಪಡೆಯಬೇಕು: ಗಾಡಿಗೆ ಎಷ್ಟು ಜನ? ಮಾರ್ಗದರ್ಶಿಗೆ ಆ ದೇಶದ ಅನುಮತಿಪತ್ರವಿದೆಯೆ? ಕಾಯಿಲೆಯಾದರೆ ಹತ್ತಿರದ ವೈದ್ಯನೆಲ್ಲಿ, ವಿಮಾನದಲ್ಲಿ ಸಾಗಿಸುವ ವಿಮೆಯಿದೆಯೆ? ಅರಣ್ಯದ ಪ್ರವೇಶಶುಲ್ಕವು ಹೇಳಿದ ಮೊಬಲಗಿನಲ್ಲಿ ಸೇರಿದೆಯೆ? ಗುಂಪಿನ ಗೆಳತಿಯರನ್ನೂ ನೋಡಿ ಆರಿಸಿಕೊಳ್ಳತಕ್ಕುದು. ಬೆಳಗಿನ ಐದು ಗಂಟೆಗೆ ಏಳಲಾರದವರೂ, ಮೌನವಾಗಿ ಕಾಯಲಾರದವರೂ ಕಾಡಿಗೆ ತಕ್ಕ ಸಂಗಾತಿಗಳಲ್ಲ.

ಎಲ್ಲರಿಗೂ ಇಷ್ಟು ದೂರ ಹೋಗುವ ಅನುಕೂಲವಿರಲಾರದೆಂಬುದನ್ನು ನಾವು ಬಲ್ಲೆವು, ವೆಚ್ಚವು ಸಾಮಾನ್ಯವಾದುದಲ್ಲ. ಅಂಥವರು ನಿರಾಶರಾಗಬೇಕಾಗಿಲ್ಲ. ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿಯೂ ಬೇಸಗೆಯ ಸಂಜೆ ಹೆಣ್ಣಾನೆಗಳು ಮರಿಗಳನ್ನು ನಡುವೆ ಹಾಕಿಕೊಂಡು ನೀರಿಗಿಳಿಯುತ್ತವೆ. ಮನೆಯ ಯಜಮಾನರಿಗೆ ನಮ್ಮದೊಂದು ವಿಜ್ಞಾಪನೆ: ನಿಮ್ಮ ತಾಯಿಯೋ ಅತ್ತೆಯೋ ಹೆಂಡತಿಯೋ ನಾಲ್ಕು ದಿನ ಗೆಳತಿಯರೊಡನೆ ಹೋಗಿಬರುವೆನೆಂದರೆ, ಏಕೆಂದು ಕೇಳಬೇಡಿರಿ. ಮನೆಯ ಬೀಗದ ಕೈ ಯಾರಲ್ಲಿರಲಿ, ಹಾಲಿನವನಿಗೆ ಏನು ಹೇಳಬೇಕು ಎಂಬುದನ್ನು ಮಾತ್ರ ಕೇಳಿ ತಿಳಿದುಕೊಂಡು, ರೈಲು ನಿಲ್ದಾಣದವರೆಗೆ ಗಂಟನ್ನು ಹೊತ್ತುಕೊಟ್ಟು ಬನ್ನಿರಿ.